ದುಡಿದ ಗಾಡಿಯನ್ನು ಅರಿಯುವ ಬಗೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನಲ್ಲಿ ಹರಡಿಕೊಂಡಿರುವ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮೋಟಾರ್ ಸೈಕಲ್ಲು ಬಹುಮಟ್ಟಿಗೆ ದುಡಿಮೆಯ ಸಲಕರಣೆಯಾಗಿಯೇ ಬಳಕೆಯಲ್ಲಿದ್ದು, ಹೊಲ, ಮಗ್ಗ, ಹಾಲಿನ ಡೇರಿ, ಸಕ್ಕರೆ ಕಾರ್ಖಾನೆ ಮತ್ತು ಸಂತೆಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವನ್ನು ಅದು ಬಸ್ಸಿನ ಜೊತೆಜೊತೆಗೆ ನಡೆಸಿಕೊಂಡು ಬಂದಿದೆ. ಬಾಗಲಕೋಟೆ–ಕುಡಚಿ ರೈಲುಮಾರ್ಗ ಇನ್ನೂ ಪೂರ್ಣಗೊಳ್ಳದ ಕಾರಣ ಈ ಊರುಗಳ ನಡುವಣ ಓಡಾಟವೆಲ್ಲ ರಸ್ತೆಯನ್ನೇ ನೆಚ್ಚಿಕೊಂಡಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೀಳಗಿ ಭಾಗದ ಅನೇಕ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡ ಮೇಲೆ ಮನೆಗೂ ಉಳಿದ ಹೊಲಕ್ಕೂ ನಡುವಿನ ದೂರ ಬೆಳೆದು, ಸ್ವಂತ ಗಾಡಿ ಇಲ್ಲದೆ ಬೇಸಾಯ ಸಾಗುವುದೇ ಕಷ್ಟವಾಗಿದೆ. ಇಂಥ ಸೀಮೆಯಲ್ಲಿ ಹದಿನೆಂಟು ತುಂಬಿದವರ ಕೈಗೆ ಬರುವ ಮೊದಲ ಬೈಕು ಅನೇಕ ವೇಳೆ ಇನ್ನೊಬ್ಬರ ಕೈಯಲ್ಲಿ ವರ್ಷಗಟ್ಟಲೆ ದುಡಿದದ್ದೇ ಆಗಿರುತ್ತದೆ. ಕೊಳ್ಳುವವರು ಮೊದಲು ನೋಡುವುದು ಬಣ್ಣವನ್ನು, ಆಮೇಲೆ ಮೀಟರಿನ ಅಂಕಿಯನ್ನು. ಆದರೆ ಆ ಗಾಡಿ ಯಾವ ಕಸುಬಿಗೆ, ಯಾವ ದಾರಿಯಲ್ಲಿ, ಏನನ್ನು ಹೊತ್ತು ಓಡಿತ್ತು ಎಂಬ ವಿವರವು ಇವೆರಡಕ್ಕಿಂತಲೂ ಹೆಚ್ಚು ಉಪಯುಕ್ತವಾದದ್ದು, ಮತ್ತು ಯಾವ ಭಾಗವನ್ನು ಮೊದಲು ಪರೀಕ್ಷಿಸಬೇಕೆಂಬುದನ್ನು ನಿರ್ಧರಿಸುವುದು ಆ ವಿವರವೇ.

ಒಟ್ಟು ಓಡಿದ ದೂರವನ್ನು ತೋರಿಸುವ ಓಡೋಮೀಟರ್ ಹಳೆಯ ಬೈಕುಗಳಲ್ಲಿ ಮುಂಗಾಲಿಯಿಂದ ಬರುವ ಒಂದು ತೆಳುವಾದ ಕೇಬಲ್ಲಿನಿಂದ ತಿರುಗುವಂಥದು. ಆ ಕೇಬಲ್ ತುಂಡಾದರೆ ಅಂಕಿ ನಿಂತುಹೋಗುತ್ತದೆ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ, ಮತ್ತು ಎಷ್ಟೋ ಮಂದಿ ಅದನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ಅಂಕಿಯನ್ನು ಗಾಡಿಯ ಮೈಯೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ. ಮೀಟರಿನಲ್ಲಿ ಹದಿನೈದು ಸಾವಿರ ಕಿಲೋಮೀಟರು ಇದ್ದು, ಕಾಲಿಡುವ ರಬ್ಬರು ನುಣ್ಣಗೆ ಸವೆದು, ಬ್ರೇಕ್ ಪೆಡಲಿನ ಗೀರುಗಳು ಅಳಿಸಿಹೋಗಿ, ಕೀಲಿ ತೂತಿನಲ್ಲಿ ಸಡಿಲವಾಗಿ ಆಡುತ್ತಿದ್ದರೆ, ನಂಬಬೇಕಾದದ್ದು ಸವೆತವನ್ನು.

ಕಬ್ಬಿನ ಹೊಲಕ್ಕೆ ಓಡಾಡಿದ ಗಾಡಿಯ ಶತ್ರು ಎರೆ ಮಣ್ಣು. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಗುಣದ ಜೇಡಿ ಇದರಲ್ಲಿ ಹೆಚ್ಚಾಗಿರುವುದರಿಂದ, ಮಳೆಗಾಲದ ಹೊಲದ ದಾರಿಯಲ್ಲಿ ಅದು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆ ಕಿಕ್ಕಿರಿದು ತುಂಬುತ್ತದೆ, ಕೆಲವೊಮ್ಮೆ ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ಹೊರಗಿನ ಮಣ್ಣನ್ನು ತೊಳೆದರೂ ಮಡ್‌ಗಾರ್ಡಿನ ಒಳಬದಿ, ಚೈನ್ ಕವರಿನ ಒಳಗೆ, ಸ್ಟ್ಯಾಂಡಿನ ಕೀಲಿನಲ್ಲಿ ಮತ್ತು ಸೈಲೆನ್ಸರಿನ ಕೆಳಬಾಗಿನಲ್ಲಿ ಉಳಿದ ಮಣ್ಣು ತೇವವನ್ನು ಹಿಡಿದಿಟ್ಟುಕೊಂಡು ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಇಂಥ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂಗಾಲಿಯನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ಅಲುಗಿಸಬೇಕು. ಟಕಟಕ ಸದ್ದಿನೊಂದಿಗೆ ಅದು ಆಡಿದರೆ ಗಾಲಿಯ ಬೇರಿಂಗ್ ಆಗಲಿ, ಹಿಂಗಾಲಿಯನ್ನು ಚೇಸಿಗೆ ಜೋಡಿಸುವ ಸ್ವಿಂಗ್ ಆರ್ಮ್ ಎಂಬ ತೋಳಿನ ಬುಶ್ ಆಗಲಿ ಸವೆದಿದೆ ಎಂದರ್ಥ. ಚೈನಿನ ಸ್ಥಿತಿಯನ್ನು ಅದು ಸುತ್ತಿಕೊಂಡ ಹಲ್ಲುಗಾಲಿಯೇ, ಅಂದರೆ ಸ್ಪ್ರಾಕೆಟ್ಟೇ, ಹೇಳುತ್ತದೆ: ಹಲ್ಲುಗಳು ನೇರವಾಗಿರದೆ ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಚೈನನ್ನು ಬಿಗಿಗೊಳಿಸಿ ಪ್ರಯೋಜನವಿಲ್ಲ, ಚೈನ್ ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಾಯಿಸಬೇಕಾಗುತ್ತದೆ, ಏಕೆಂದರೆ ಸವೆದ ಹಲ್ಲು ಹೊಸ ಚೈನನ್ನೂ ಬೇಗನೆ ಹಾಳುಮಾಡುತ್ತದೆ.

ರಬಕವಿ-ಬನಹಟ್ಟಿಯ ನೇಕಾರಿಕೆಯ ಓಣಿಗಳಲ್ಲಿ ದುಡಿದ ಗಾಡಿಯ ಕಥೆ ಬೇರೆ. ನೂಲು, ಸೀರೆಗಳ ಗಂಟುಗಳನ್ನು ಹಿಂದೆ ಕಟ್ಟಿಕೊಂಡು ಮಗ್ಗದ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮಗ್ಗಕ್ಕೆ ದಿನವೂ ಹತ್ತಾರು ಸಲ ಓಡುವ ಬೈಕಿನ ಮೀಟರಿನಲ್ಲಿ ಕಿಲೋಮೀಟರು ಕಡಿಮೆಯೇ ಕಾಣುತ್ತದೆ, ಮತ್ತು ಕೊಳ್ಳುವವರು ಅದನ್ನೇ ಅದೃಷ್ಟವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಎಂಜಿನ್ನಿಗೆ ಅತಿ ಸಣ್ಣ ಓಟಗಳೇ ಹೆಚ್ಚು ಹಾನಿಕರ. ಪೆಟ್ರೋಲು ಉರಿದಾಗ ಹೊಗೆಯ ಜೊತೆಗೆ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ಣ ಕಾವು ಏರುವವರೆಗೆ ಓಡಿದರೆ ಆ ಆವಿ ಹೊರಹೋಗುತ್ತದೆ, ಕಾವು ಏರುವ ಮೊದಲೇ ಪ್ರತಿಸಲ ನಿಲ್ಲಿಸಿದರೆ ಅದು ತಣಿದು ನೀರಾಗಿ ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ ಮತ್ತು ಸೈಲೆನ್ಸರಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಆಯಿಲಿನ ಮುಚ್ಚಳವನ್ನು ಬಿಚ್ಚಿದಾಗ ಅದರ ಒಳಬದಿಯಲ್ಲಿ ಬೆಣ್ಣೆಯ ಬಣ್ಣದ ನೊರೆ ಅಂಟಿಕೊಂಡಿದ್ದರೆ ಇದೇ ಕಾರಣವನ್ನು ಮೊದಲು ಸಂಶಯಿಸಬೇಕು. ಇಂಥ ಗಾಡಿಯಲ್ಲಿ ಪದೇಪದೇ ನಿಂತು ಹೊರಡುವುದರಿಂದ ಕ್ಲಚ್ ಪ್ಲೇಟುಗಳೂ, ಭಾರದಿಂದ ಹಿಂದಿನ ಶಾಕ್‌ಅಬ್ಸಾರ್ಬರುಗಳೂ ಬೇಗ ಸೋಲುತ್ತವೆ, ಮತ್ತು ಮಗ್ಗದ ಮನೆಯಲ್ಲೇ ನಿಲ್ಲಿಸುತ್ತಿದ್ದ ಗಾಡಿಯಾದರೆ ಏರ್ ಫಿಲ್ಟರಿನ ಮೇಲೆ ನೂಲಿನ ಎಳೆಗಳ ಧೂಳು ಕಂಬಳಿಯಂತೆ ಕೂತಿರಬಹುದು.

ಹಾಲು ಹಾಕುವವರ ಗಾಡಿಯನ್ನು ಕೊಳ್ಳಲು ಬಹಳ ಮಂದಿ ಹಿಂಜರಿಯುತ್ತಾರೆ, ಏಕೆಂದರೆ ಅದರ ಮೈ ಕ್ಯಾನುಗಳ ಉಜ್ಜಾಟದಿಂದ ತಗ್ಗುಬಿದ್ದಿರುತ್ತದೆ ಮತ್ತು ಮೀಟರು ದೊಡ್ಡ ಅಂಕಿಯನ್ನು ತೋರಿಸುತ್ತದೆ. ಕ್ಯಾನಿನ ಚೌಕಟ್ಟನ್ನು ಜೋಡಿಸಿದ ಜಾಗದಲ್ಲಿ ಚೇಸಿ ಬಿರುಕು ಬಿಟ್ಟಿದೆಯೇ, ಅಲ್ಲಿ ವೆಲ್ಡಿಂಗ್ ಮಾಡಿಸಿದ ಗುರುತು ಇದೆಯೇ ಎಂದು ಹುಡುಕುವುದು ಅಗತ್ಯವೇ ಸರಿ. ಆದರೆ ಆ ಒಂದು ದೋಷ ಇಲ್ಲದಿದ್ದರೆ, ದಿನವೂ ನಿಶ್ಚಿತ ಹೊತ್ತಿಗೆ ಹೊರಟು ಪೂರ್ಣ ಕಾವಿನಲ್ಲಿ ಓಡಿದ, ಒಂದು ದಿನ ಕೈಕೊಟ್ಟರೂ ಹಾಲು ಕೆಡುತ್ತದೆಂಬ ಅಂಜಿಕೆಯಿಂದ ಸಮಯಕ್ಕೆ ಆಯಿಲ್ ಬದಲಾಯಿಸಿಕೊಂಡ ಎಂಜಿನ್ನು, ಮೂಲೆಯಲ್ಲಿ ನಿಂತು ಹೊಳೆಯುವ ಕಡಿಮೆ ಓಟದ ಎಂಜಿನ್ನಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಈ ಸೀಮೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ನೆರೆಯದು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಉಕ್ಕಿ ಹರಿದಾಗ ಜಮಖಂಡಿ, ಮುಧೋಳ ಮತ್ತು ರಬಕವಿ-ಬನಹಟ್ಟಿ ಭಾಗದ ನದಿದಂಡೆಯ ಊರುಗಳು ನೀರಿನಲ್ಲಿ ನಿಂತವು. ನೀರಿನಲ್ಲಿ ಮುಳುಗಿದ ಬೈಕು ಆಯಿಲ್ ಬದಲಾಯಿಸಿದ ಮೇಲೆ ಚಾಲೂ ಆಗಿ ಚೆನ್ನಾಗಿಯೇ ಓಡಬಹುದು. ಅದರ ನಿಜವಾದ ಹಾನಿ ವಿದ್ಯುತ್ ತಂತಿಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಹೆಡ್‌ಲೈಟಿನ ಗಾಜಿನ ಒಳಗೆ ಕೆಸರಿನ ಗೆರೆ, ಸೀಟಿನ ಕೆಳಗಿನ ತಂತಿಗಳ ಜೋಡಣೆಯಲ್ಲಿ ಹಸಿರು ಕಿಲುಬು, ಹ್ಯಾಂಡಲಿನ ಸ್ವಿಚ್ಚುಗಳ ಒಳಗೆ ತುಕ್ಕು ಇವು ಕಂಡುಬಂದರೆ ಮಾರುವವರು ಏನೇ ಹೇಳಿದರೂ ಗಾಡಿ ನೀರು ಕಂಡಿದೆ ಎಂದು ತಿಳಿದು ಬೆಲೆ ಮಾತಾಡಬೇಕು, ಇಲ್ಲವೇ ಬಿಟ್ಟು ಬರಬೇಕು.

ನೋಡಲು ಹೋಗುವ ಹೊತ್ತಿಗೂ ಮಹತ್ವವಿದೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಿದರೆ ಮಾತ್ರ ಅದರ ನಿಜಸ್ಥಿತಿ ತಿಳಿಯುವುದರಿಂದ, ಮೊದಲೇ ಕಾಯಿಸಿಟ್ಟಿದ್ದಾರೆಯೇ ಎಂದು ಕೈ ಹತ್ತಿರ ಒಯ್ದು ಶಾಖವನ್ನು ಅಳೆಯುವುದು ಒಳ್ಳೆಯದು. ಚಾಲೂ ಆದ ಮೇಲೆ ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲು ಉರಿಯುತ್ತಿದೆ, ಅಂದರೆ ಪಿಸ್ಟನ್ನಿನ ರಿಂಗುಗಳಾಗಲಿ ವಾಲ್ವಿನ ಸೀಲುಗಳಾಗಲಿ ಸವೆದಿವೆ, ಮತ್ತು ಅದು ದೊಡ್ಡ ಖರ್ಚು. ಕಪ್ಪು ಹೊಗೆಯಾದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದ್ದು, ಅದು ಸಾಮಾನ್ಯವಾಗಿ ಸಣ್ಣ ರಿಪೇರಿಯಲ್ಲಿ ಸರಿಹೋಗುತ್ತದೆ. ಚಳಿಗಾಲದ ಬೆಳಗಿನ ಬಿಳಿ ಆವಿಗೆ ಹೆದರಬೇಕಾಗಿಲ್ಲ. ಮುಂಗಾಲಿಯನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸುವಾಗ ನಟ್ಟನಡುವೆ ಅದು ಒಂದು ಗುಳಿಯಲ್ಲಿ ಕೂತಂತೆ ತಡೆದರೆ ಕೋನ್ ಸೆಟ್, ಅಂದರೆ ಹ್ಯಾಂಡಲಿನ ಬುಡದ ಬೇರಿಂಗು, ಕೆಟ್ಟಿದೆ. ಗಾಡಿಯನ್ನು ಇನ್ನೊಬ್ಬರು ನೇರ ರಸ್ತೆಯಲ್ಲಿ ಮೆಲ್ಲಗೆ ಓಡಿಸುವಾಗ ಹಿಂದಿನಿಂದ ನೋಡಿದರೆ ಎರಡು ಗಾಲಿಗಳೂ ಒಂದೇ ಗೆರೆಯಲ್ಲಿ ಇವೆಯೇ ಎಂಬುದು ಕಾಣುತ್ತದೆ. ಇಲ್ಲದಿದ್ದರೆ ಎಂದೋ ಅಪಘಾತದಲ್ಲಿ ಚೇಸಿ ಬಾಗಿದೆ, ಮತ್ತು ಅಂಥ ಗಾಡಿ ಎಷ್ಟು ಅಗ್ಗವಾದರೂ ಹೊಸ ಸವಾರರಿಗೆ ತಕ್ಕದ್ದಲ್ಲ.

ಕಾಗದಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದಾದರೂ ಅದನ್ನು ಮುಂದೂಡುವಂತಿಲ್ಲ. ನೋಂದಣಿಯನ್ನು ಈ ಭಾಗದಲ್ಲಿ ಪಾಸಿಂಗ್ ಎನ್ನುವುದು ರೂಢಿ. ಜಮಖಂಡಿ ಕಚೇರಿಯ ಪಾಸಿಂಗಿನ ಗುರುತು ಕೆಎ-48, ಬಾಗಲಕೋಟೆಯದು ಕೆಎ-29. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ ಮಾರಿದವರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಮತ್ತು ಇದಕ್ಕಾಗಿ ನಮೂನೆ 29 ಹಾಗೂ ನಮೂನೆ 30 ಬಳಕೆಯಾಗುತ್ತವೆ. ಗಾಡಿಯ ಮೇಲೆ ಸಾಲವಿದ್ದು ಅದು ತೀರಿದ್ದರೆ ನೋಂದಣಿ ಪತ್ರವಾದ ಆರ್‌ಸಿಯಿಂದ ಸಾಲದ ನಮೂದನ್ನು ತೆಗೆಸಲು ನಮೂನೆ 35 ಬೇಕು. ಗಡಿಯಾಚೆಯ ಸಾಂಗಲಿಯ ಎಂಎಚ್-10, ಕೊಲ್ಹಾಪುರದ ಎಂಎಚ್-09, ಸೊಲ್ಲಾಪುರದ ಎಂಎಚ್-13 ಪಾಸಿಂಗಿನ ಗಾಡಿಗಳ ಬೆಲೆ ಕಡಿಮೆಯಿದೆಯೆಂದು ಕೊಳ್ಳುವವರು, ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28ರ ಎನ್‌ಒಸಿ, ಹಾಗೂ ಕರ್ನಾಟಕದಲ್ಲಿ ಕಟ್ಟಬೇಕಾದ ತೆರಿಗೆಯನ್ನು ಸೇರಿಸಿ ಲೆಕ್ಕಹಾಕಬೇಕು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕೆಂದು ಅದೇ ಕಾಯ್ದೆಯ 47ನೆಯ ಕಲಮು ವಿಧಿಸುತ್ತದೆ. ಹೆಸರು ಬದಲಾಯಿಸದೆ ಕೈಯಿಂದ ಕೈಗೆ ಗಾಡಿ ಹೋಗುವ ಪದ್ಧತಿ ಎಷ್ಟು ಅಪಾಯಕಾರಿ ಎಂಬುದನ್ನು 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ವಾಹನ ಎಷ್ಟು ಜನರ ಕೈ ದಾಟಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರ ಮಾಲೀಕರು. ಹೀಗಾಗಿ ಹೆಸರು ಬದಲಾವಣೆ ಕೊಳ್ಳುವವರಿಗಿಂತ ಮಾರುವವರಿಗೇ ಹೆಚ್ಚು ತುರ್ತಿನದು. ವಿಮೆಯಲ್ಲಿಯೂ ಒಂದು ಸೂಕ್ಷ್ಮವಿದೆ. 2018ರ ಸೆಪ್ಟೆಂಬರ್ 1ರಿಂದ ಮಾರಾಟವಾದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ಮೂರನೆಯವರ ವಿಮೆ ಕಡ್ಡಾಯವಾದ್ದರಿಂದ ಅನೇಕ ಗಾಡಿಗಳಲ್ಲಿ ಆ ಅವಧಿ ಸದ್ದಿಲ್ಲದೆ ಮುಗಿದಿರುತ್ತದೆ, ಮತ್ತು ಮಾಲೀಕರು ವಿಮೆ ಇನ್ನೂ ಇದೆಯೆಂದೇ ನಂಬಿರುತ್ತಾರೆ.

ಗಾಡಿ ಮನೆಗೆ ಬಂದ ಮೇಲೆ ತಿಳಿಯಬೇಕಾದ ಮೊದಲ ಸಂಗತಿ ಅದು ಯಾವ ಕಾಲದ್ದು ಎಂಬುದು, ಏಕೆಂದರೆ ಕಳೆದ ದಶಕದಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಭಾರತದ ಬೈಕುಗಳ ರಚನೆ ಬಹಳ ಬದಲಾಗಿದೆ. ಹೊಗೆಯ ಪ್ರಮಾಣವನ್ನು ನಿಯಂತ್ರಿಸುವ ಭಾರತ್ ಸ್ಟೇಜ್ ನಿಯಮಗಳಲ್ಲಿ ನಾಲ್ಕನೆಯದು 2017ರ ಏಪ್ರಿಲ್ 1ರಿಂದಲೂ ಆರನೆಯದು 2020ರ ಏಪ್ರಿಲ್ 1ರಿಂದಲೂ ಜಾರಿಗೆ ಬಂದವು. 2017ರಿಂದ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟ್ ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯವಾಯಿತು. 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕುಗಳಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ಸಾಧನ, ಮತ್ತು ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಸಿಬಿಎಸ್, ಅಂದರೆ ಒಂದು ಬ್ರೇಕನ್ನು ಒತ್ತಿದರೆ ಎರಡೂ ಗಾಲಿಗಳಿಗೆ ಸ್ವಲ್ಪ ಸ್ವಲ್ಪ ಹಿಡಿತ ಹಂಚುವ ವ್ಯವಸ್ಥೆ, ಬಂದವು. ಹಾಗಾಗಿ 2016ರ 100 ಸಿಸಿ ಗಾಡಿಯನ್ನೂ 2021ರ ಅದೇ ಹೆಸರಿನ ಗಾಡಿಯನ್ನೂ ಒಂದೇ ರೀತಿಯಲ್ಲಿ ಓಡಿಸಲಾಗದು.

ಚೋಕ್ ಎಂಬ ಸಣ್ಣ ಹಿಡಿಯೂ, ಟ್ಯಾಂಕಿನ ಕೆಳಗೆ ರಿಸರ್ವ್ ಇರುವ ಪೆಟ್ರೋಲ್ ನಳವೂ ಇದ್ದರೆ ಅದು ಸಾಮಾನ್ಯವಾಗಿ ಕಾರ್ಬೊರೇಟರ್ ಗಾಡಿ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಸೆಳೆತದಿಂದಲೇ ಪೆಟ್ರೋಲನ್ನು ಹೀರಿ ಬೆರೆಸುವ ಕಾರ್ಬೊರೇಟರಿನ ಗಾಡಿ ತಣ್ಣನೆಯ ಬೆಳಗಿನಲ್ಲಿ ಚೋಕ್ ಎಳೆದು ಹೆಚ್ಚು ಪೆಟ್ರೋಲು ಕೊಟ್ಟರೆ ಮಾತ್ರ ಸುಲಭವಾಗಿ ಚಾಲೂ ಆಗುತ್ತದೆ, ಮತ್ತು ಚೋಕನ್ನು ಹಿಂದಕ್ಕೆ ಸರಿಸಲು ಮರೆತರೆ ಮೈಲೇಜು ಕುಸಿದು ಪ್ಲಗ್ ಕಪ್ಪಾಗುತ್ತದೆ. 2020ರ ನಂತರದ ಬಹುತೇಕ ಬೈಕುಗಳಲ್ಲಿ ಇದರ ಜಾಗಕ್ಕೆ ಇಂಜೆಕ್ಷನ್ ಬಂದಿದ್ದು, ಟ್ಯಾಂಕಿನ ಒಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ಕಳಿಸುತ್ತದೆ. ಆ ಪಂಪು ತಾನು ಮುಳುಗಿರುವ ಪೆಟ್ರೋಲಿನಿಂದಲೇ ತಂಪಾಗುವುದರಿಂದ ಟ್ಯಾಂಕನ್ನು ಪದೇಪದೇ ಬರಿದುಮಾಡಿ ಓಡಿಸುವ ಹಳೆಯ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ.

ಪೆಟ್ರೋಲಿನ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ವಿಶೇಷವಾದ ನಂಟಿದೆ. ಮುಧೋಳದ ನಿರಾಣಿ ಸಮೂಹದ ಕಾರ್ಖಾನೆ ಮತ್ತು ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್ ಸಕ್ಕರೆಯ ಜೊತೆಗೆ ಎಥನಾಲ್ ತಯಾರಿಸುತ್ತವೆ. ಇಲ್ಲಿಯ ಕಬ್ಬಿನ ರಸ ಮತ್ತು ಕಾಕಂಬಿಯಿಂದ ಬಂದ ಮದ್ಯಸಾರ ಪೆಟ್ರೋಲಿನಲ್ಲಿ ಬೆರೆತು ಇಲ್ಲಿಯ ಗಾಡಿಗಳಿಗೇ ಮರಳಿ ಬರುತ್ತದೆ. ಶೇ 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲಿನ ಮಾರಾಟವನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಚಾಲನೆ ಕೊಟ್ಟು ಆರಂಭಿಸಿದರು, ಮತ್ತು ಅದು ಈಗ ಸಾಮಾನ್ಯ ಪೆಟ್ರೋಲಾಗಿದೆ. ಕಬ್ಬು ಬೆಳೆಯುವವರಿಗೆ ಇದರಿಂದ ಆಗುವ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೂ ಹಳೆಯ ಗಾಡಿಯ ಸವಾರರು ಇದರ ಎರಡು ಗುಣಗಳನ್ನು ಅರಿತಿರಬೇಕು. ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೆಯ ಎರಡರಷ್ಟು ಮಾತ್ರ ಶಕ್ತಿ ಇರುವುದರಿಂದ ಇ20ಯಲ್ಲಿ ಒಟ್ಟು ಶಕ್ತಿ ಶೇ 6–7ರಷ್ಟು ಕಡಿಮೆ, ಆದ್ದರಿಂದ ಮೈಲೇಜಿನ ಅಲ್ಪ ಇಳಿಕೆಯನ್ನು ಎಂಜಿನ್ನಿನ ದೋಷವೆಂದು ತಿಳಿದು ಬಿಚ್ಚಿಸಬೇಕಾಗಿಲ್ಲ. ಎರಡನೆಯದಾಗಿ ಎಥನಾಲ್ ನೀರನ್ನು ಹೀರಿಕೊಳ್ಳುವಂಥದು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಆ ನೀರು ಎಥನಾಲಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯಬಲ್ಲದು, ಮತ್ತು ಹೆಚ್ಚು ಎಥನಾಲಿಗೆ ತಕ್ಕಂತೆ ಮಾಡದ ಹಳೆಯ ರಬ್ಬರು ಕೊಳವೆಗಳು ಬಿರಿಯಲೂಬಹುದು. ಬಹುಕಾಲ ನಿಂತಿದ್ದ ಕಾರ್ಬೊರೇಟರ್ ಗಾಡಿಯನ್ನು ಕೊಂಡಾಗ ಟ್ಯಾಂಕ್ ಬರಿದುಮಾಡಿಸಿ, ಕಾರ್ಬೊರೇಟರ್ ಸ್ವಚ್ಛಗೊಳಿಸಿ, ಪೆಟ್ರೋಲ್ ಪೈಪು ಬದಲಾಯಿಸುವುದು ಸಣ್ಣ ಖರ್ಚಿನ ದೊಡ್ಡ ಎಚ್ಚರಿಕೆ.

ಎಂಜಿನ್ ಆಯಿಲನ್ನು ಮಾರಿದವರು ಈಚೆಗೇ ಹಾಕಿಸಿದ್ದೇವೆ ಎಂದರೂ ಬದಲಾಯಿಸುವುದೇ ಸರಿ, ಏಕೆಂದರೆ ಅಂದಿನಿಂದ ಮುಂದಿನ ಲೆಕ್ಕ ಹೊಸ ಮಾಲೀಕರ ಕೈಗೆ ಬರುತ್ತದೆ. ಬೈಕುಗಳಲ್ಲಿ ಬಹುತೇಕವಾಗಿ ಒಂದೇ ಆಯಿಲು ಎಂಜಿನ್ನು, ಗಿಯರು ಮತ್ತು ಕ್ಲಚ್ಚು ಮೂರನ್ನೂ ತೊಯಿಸುತ್ತದೆ. ಕಾರಿಗೆಂದು ಮಾಡಿದ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥಗಳು ಇರಬಹುದಾದ್ದರಿಂದ ಅದನ್ನು ಹಾಕಿದರೆ ಕ್ಲಚ್ ಪ್ಲೇಟುಗಳು ಹಿಡಿತ ಕಳೆದುಕೊಳ್ಳಬಹುದು. ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತಿದ್ದರೆ ಅದು ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲು. ಕ್ಲಚ್ ಜಾರುತ್ತಿದೆಯೇ ಎಂಬುದು ಸಮತಟ್ಟಾದ ರಸ್ತೆಯಲ್ಲಿ ತಿಳಿಯುವುದು ಕಷ್ಟ; ಜಮಖಂಡಿಯ ರಾಮತೀರ್ಥದ ಗುಡ್ಡದಂಥ ಏರಿನಲ್ಲಿ ಎಕ್ಸಿಲೇಟರ್ ತಿರುವಿದಾಗ ಎಂಜಿನ್ನಿನ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಸಂಶಯ ಉಳಿಯುವುದಿಲ್ಲ.

ಗಾಡಿಯನ್ನು ಸವಾರರ ಮೈಗೆ ಹೊಂದಿಸುವ ಕೆಲಸವನ್ನು ಹೆಚ್ಚಿನವರು ಮಾಡಿಸುವುದೇ ಇಲ್ಲ, ಮತ್ತು ಹೊಸಬರ ಎಷ್ಟೋ ಎಡವಟ್ಟುಗಳಿಗೆ ಇದೇ ಮೂಲ. ಹಿಂದಿನ ಮಾಲೀಕರ ಎತ್ತರಕ್ಕೆ, ಕೈಯ ಅಳತೆಗೆ, ಚಪ್ಪಲಿ ಹಾಕಿದ ಕಾಲಿಗೆ ಹೊಂದಿಕೊಂಡ ಹಿಡಿಗಳೂ ಪೆಡಲುಗಳೂ ಇನ್ನೊಬ್ಬರಿಗೆ ಅನನುಕೂಲವಾಗಿರುವುದು ಸಹಜ; ಬ್ರೇಕ್ ಪೆಡಲು ಎತ್ತರದಲ್ಲಿದ್ದರೆ ಕಾಲನ್ನು ಎತ್ತಿ ಹುಡುಕಬೇಕಾಗುತ್ತದೆ, ಆ ಅರೆಕ್ಷಣದಲ್ಲಿ ಗಾಡಿ ಹಲವು ಮೀಟರು ಮುಂದೆ ಹೋಗಿರುತ್ತದೆ. ಕ್ಲಚ್ ಹಿಡಿಯ ತುದಿಯಲ್ಲಿ ಒಂದೆರಡು ಸೆಂಟಿಮೀಟರಿನಷ್ಟು ಸಡಿಲು ಇರುವಂತೆಯೂ, ಕಾಲನ್ನು ಎತ್ತದೆ ಬರೀ ಪಾದವನ್ನು ಬಾಗಿಸಿದರೆ ಬ್ರೇಕ್ ಸಿಗುವಂತೆಯೂ ಮಿಸ್ತ್ರಿಯ ಮುಂದೆ ಗಾಡಿಯ ಮೇಲೆ ಕೂತೇ ಹೊಂದಿಸಿಕೊಳ್ಳಬೇಕು. ಗಿಯರು ಬೀಳುವ ಕ್ರಮವೂ ಎಲ್ಲ ಗಾಡಿಗಳಲ್ಲಿ ಒಂದೇ ಅಲ್ಲ: ಕೆಲವು ಚಿಕ್ಕ ಬೈಕುಗಳಲ್ಲಿ ಎಲ್ಲ ಗಿಯರುಗಳೂ ಒಂದೇ ದಿಕ್ಕಿಗೆ ಬೀಳುತ್ತವೆ, ಇನ್ನು ಕೆಲವುಗಳಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ಒಂದು ಗಾಡಿಯಲ್ಲಿ ಕಲಿತು ಇನ್ನೊಂದನ್ನು ಕೊಂಡವರು ಗಾಬರಿಯಾದ ಗಳಿಗೆಯಲ್ಲಿ ಹಳೆಯ ಅಭ್ಯಾಸದಂತೆ ಒತ್ತಿ ವೇಗದಲ್ಲಿರುವಾಗಲೇ ಕೆಳಗಿನ ಗಿಯರಿಗೆ ಬಿದ್ದುಬಿಡಬಹುದು. ಆದ್ದರಿಂದ ಖಾಲಿ ಮೈದಾನದಲ್ಲಿ ಕಣ್ಣು ರಸ್ತೆಯ ಮೇಲೆಯೇ ಇರುವಂತೆ ಗಿಯರು ಏರಿಸಿ ಇಳಿಸುವುದನ್ನೂ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಗಾಡಿ ಮುಂದಕ್ಕೆ ಎಳೆಯಲಾರಂಭಿಸುವ ಹಾಫ್ ಕ್ಲಚ್ಚಿನ ಜಾಗ ಎಲ್ಲಿದೆ ಎಂಬುದನ್ನೂ ಕೈಕಾಲುಗಳಿಗೆ ರೂಢಿಮಾಡಿಸಬೇಕು. ಹಳೆಯ ಕ್ಲಚ್ಚಿನಲ್ಲಿ ಈ ಜಾಗ ಹಿಡಿಯ ತುದಿಯವರೆಗೂ ಸರಿದಿರುವುದುಂಟು.

ಬ್ರೇಕಿನ ಬಗ್ಗೆ ಈ ಭಾಗದಲ್ಲಿ ಪ್ರಚಲಿತವಾಗಿರುವ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುವುದು ಅವಶ್ಯಕ. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿಯಾಗುತ್ತದೆಂದು ಹೆದರಿಸಿ ಹೊಸಬರಿಗೆ ಹಿಂದಿನ ಬ್ರೇಕನ್ನೇ ಕಲಿಸುವವರು ಬಹಳ. ಆದರೆ ಗಾಡಿ ನಿಧಾನಗೊಳ್ಳುವಾಗ ಅದರ ಭಾರ ಮುಂದಕ್ಕೆ ವಾಲಿ ಮುಂಗಾಲಿ ರಸ್ತೆಯನ್ನು ಹೆಚ್ಚು ಒತ್ತುವುದರಿಂದ, ಒಣ ಡಾಂಬರಿನ ಮೇಲೆ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಹ್ಯಾಂಡಲ್ ನೇರವಾಗಿದ್ದು, ಒಮ್ಮೆಲೇ ಕಿತ್ತಂತೆ ಹಿಡಿಯದೆ ಒತ್ತಡವನ್ನು ಹೆಚ್ಚಿಸುತ್ತ ಹೋದರೆ ಅದು ಅಪಾಯಕಾರಿಯಲ್ಲ. ಒಂದು ಲೆಕ್ಕವನ್ನು ನೋಡಬಹುದು: ಎದುರಿನ ಅಡ್ಡಿಯನ್ನು ಕಂಡು ಬ್ರೇಕ್ ಮುಟ್ಟಲು ಒಂದು ಸೆಕೆಂಡು ಬೇಕೆಂದೂ, ಎರಡೂ ಬ್ರೇಕುಗಳು ಸೇರಿ ಪ್ರತಿ ಸೆಕೆಂಡಿನಲ್ಲೂ ವೇಗವನ್ನು ಸೆಕೆಂಡಿಗೆ 6 ಮೀಟರಿನಷ್ಟು ಇಳಿಸುತ್ತವೆಂದೂ ಇಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರಿನಲ್ಲಿರುವ ಗಾಡಿ ಸುಮಾರು 21 ಮೀಟರಿನಲ್ಲಿ ನಿಲ್ಲುತ್ತದೆ, 60ರಲ್ಲಿರುವುದು ಸುಮಾರು 40 ಮೀಟರಿನಲ್ಲಿ. ವೇಗ ಒಂದೂವರೆ ಪಟ್ಟಾದರೆ ನಿಲ್ಲುವ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಅದೂ ಬ್ರೇಕ್ ಶೂಗಳು ಹೊಸದಾಗಿದ್ದು ರಸ್ತೆ ಒಣಗಿದ್ದಾಗ.

ಆದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಇಲ್ಲಿಯ ರಸ್ತೆ ಶುದ್ಧ ಡಾಂಬರಾಗಿ ಉಳಿಯುವುದು ಅಪರೂಪ. ದಸರೆ-ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಆರಂಭದವರೆಗೆ ಕಾರ್ಖಾನೆಗಳ ದಿಕ್ಕಿಗೆ ಸಾಗುವ ಟ್ರ್ಯಾಕ್ಟರುಗಳಿಂದ ಉದುರಿದ ರವದಿ, ಗಾಲಿಗೆ ಸಿಕ್ಕಿ ಚಪ್ಪಟೆಯಾದ ಕಬ್ಬಿನ ಜಲ್ಲೆ, ಹೊಲದಿಂದ ಬಂದ ಹಸಿ ಎರೆ ಮಣ್ಣು ಇವೆಲ್ಲ ರಸ್ತೆಯ ಮೇಲೆ ಹರಡಿರುತ್ತವೆ. ಉರುಟಾದ ಇಡೀ ಜಲ್ಲೆಯನ್ನು ತಪ್ಪಿಸಲಾಗದಿದ್ದರೆ ಅದನ್ನು ಅಡ್ಡಡ್ಡವಾಗಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ದಾಟಬೇಕು. ಅದರ ಉದ್ದಕ್ಕೆ ಗಾಲಿ ಹತ್ತಿದರೆ ಅದು ಉರುಳಿ ಗಾಡಿಯನ್ನು ಕೆಡವುತ್ತದೆ.

ರಾತ್ರಿಯ ಹೊತ್ತು ಇದಕ್ಕಿಂತ ಕಠಿಣ. ಹಳೆಯ 100 ಸಿಸಿ ಬೈಕುಗಳಲ್ಲಿ ಅನೇಕವುಗಳ ಹೆಡ್‌ಲೈಟಿಗೆ ವಿದ್ಯುತ್ತು ಬ್ಯಾಟರಿಯಿಂದ ಬರದೆ ಎಂಜಿನ್ ತಿರುಗಿದಾಗ ವಿದ್ಯುತ್ತು ಹುಟ್ಟುವ ಕಾಯಿಲಿನಿಂದ ನೇರವಾಗಿ ಬರುತ್ತದೆ, ಆದ್ದರಿಂದ ಎಂಜಿನ್ ಜೋರಾಗಿ ತಿರುಗಿದರೆ ಬೆಳಕು ಪ್ರಖರವಾಗುತ್ತದೆ, ವೇಗ ತಗ್ಗಿಸಿದರೆ ಮಂಕಾಗುತ್ತದೆ. ಹೆಚ್ಚು ಬೆಳಕು ಬೇಕಾದ ತಗ್ಗು-ದಿಣ್ಣೆಯ ಜಾಗದಲ್ಲಿಯೇ ಅದು ಕುಂದುತ್ತದೆಂಬುದು ಈ ರಚನೆಯ ದೊಡ್ಡ ಕೊರತೆ. ನಿಧಾನವಾಗಿ ಹೋಗುವಾಗ ಒಂದು ಗಿಯರು ಕೆಳಗಿಳಿಸಿ ಎಂಜಿನ್ನಿನ ತಿರುಗುವಿಕೆಯನ್ನು ಉಳಿಸಿಕೊಳ್ಳುವುದು ಸವಾರರ ಕೈಯಲ್ಲಿರುವ ಉಪಾಯ. ಎರಡು ಟ್ರೇಲರುಗಳನ್ನು ಎಳೆಯುವ ಕಬ್ಬಿನ ಟ್ರ್ಯಾಕ್ಟರು ಹಿಂಬದಿಯ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ಹೋಗುತ್ತಿದ್ದರೆ, ಇಂಥ ಬೆಳಕಿನಲ್ಲಿ ಅದರ ಹೊರಚಾಚಿದ ಜಲ್ಲೆಗಳು ಕಾಣಿಸುವ ಹೊತ್ತಿಗೆ ದೂರ ತೀರಿರುತ್ತದೆ. ಈ ಟ್ರೇಲರುಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಅಲ್ಪ ವೆಚ್ಚದ ಕೆಲಸ ಪ್ರತಿ ಹಂಗಾಮಿನ ಆರಂಭದಲ್ಲಿಯೇ, ಕಾರ್ಖಾನೆಯ ಗೇಟಿನಲ್ಲಿಯೇ, ಒಂದನ್ನೂ ಬಿಡದಂತೆ ನಡೆಯಬೇಕು. ಅದಕ್ಕೆ ಯಾವ ನೆಪವೂ ಸಲ್ಲದು. ಇಂಥ ಟ್ರ್ಯಾಕ್ಟರನ್ನು ಹಿಂದಿಕ್ಕುವ ಲೆಕ್ಕವೂ ಗೊತ್ತಿರಬೇಕು: ಟ್ರ್ಯಾಕ್ಟರು ಗಂಟೆಗೆ 20 ಕಿಲೋಮೀಟರು, ಬೈಕು 40 ಎಂದು ಹಿಡಿದು, ಎರಡು ಟ್ರೇಲರುಗಳ ಉದ್ದವನ್ನೂ ಹಿಂದೆ ಮುಂದೆ ಬಿಡಬೇಕಾದ ಅಂತರವನ್ನೂ ಸೇರಿಸಿ 40 ಮೀಟರು ಎಂದುಕೊಂಡರೆ ದಾಟಲು 7 ಸೆಕೆಂಡಿಗಿಂತ ತುಸು ಹೆಚ್ಚು ಬೇಕು; ಆ ಹೊತ್ತಿನಲ್ಲಿ ಬೈಕು 80 ಮೀಟರು ಮುಂದೆ ಹೋಗುತ್ತದೆ, ಎದುರಿನಿಂದ 60ರ ವೇಗದಲ್ಲಿ ಬರುವ ವಾಹನ 120 ಮೀಟರು ಹತ್ತಿರ ಬರುತ್ತದೆ, ಅಂದರೆ ಕನಿಷ್ಠ 200 ಮೀಟರು ಖಾಲಿ ರಸ್ತೆ ಕಣ್ಣಿಗೆ ಕಾಣುತ್ತಿರಬೇಕು. ಮಂದ ಹೆಡ್‌ಲೈಟು ಅಷ್ಟು ದೂರ ತೋರಿಸುವುದಿಲ್ಲ, ಮತ್ತು ಎದುರಿನಿಂದ ಬರುವುದು ದೀಪವಿಲ್ಲದ ಚಕ್ಕಡಿಯಾಗಿದ್ದರೆ ಕಾಣುವ ಮಾತೇ ಇಲ್ಲ. ಹೀಗಾಗಿ ರಾತ್ರಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಅಂತರ ಬಿಟ್ಟು ಸಾಗುವುದೇ ಹೊಸಬರಿಗಿರುವ ಸರಿಯಾದ ಆಯ್ಕೆ.

ಬ್ರೇಕು, ಬೆಳಕುಗಳ ಜೊತೆಗೆ ಟಯರನ್ನೂ ಗಮನಿಸಬೇಕು. ಟಯರಿನ ಗೋಡೆಯ ಮೇಲೆ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ; 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. ಅಂಥ ಟಯರಿನ ಗೀರು ಆಳವಾಗಿಯೇ ಉಳಿದಿದ್ದರೂ ಬಿಸಿಲಿಗೆ ರಬ್ಬರು ಗಡುಸಾಗಿ ಹಿಡಿತ ಕುಗ್ಗಿರುತ್ತದೆ. ಹವಾ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚೈನ್ ಕವರಿನ ಮೇಲೋ ಸ್ವಿಂಗ್ ಆರ್ಮಿನ ಮೇಲೋ ಅಂಟಿಸಿದ ಚೀಟಿಯಲ್ಲಿರುತ್ತದೆ, ಮತ್ತು ಒಬ್ಬರೇ ಕೂತಾಗಿನದಕ್ಕೂ ಇಬ್ಬರು ಕೂತಾಗಿನದಕ್ಕೂ ಹಿಂಗಾಲಿಯ ಅಂಕಿ ಬೇರೆ ಬೇರೆ. ಹಿಂದೆ ಒಬ್ಬರು ಕೂತ ಕೂಡಲೇ ಗಾಡಿಯ ಮೂತಿ ಮೇಲೇರಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮುಂಗಾಲಿ ಹಗುರವಾಗುತ್ತದೆ, ನಿಲ್ಲುವ ದೂರ ಬೆಳೆಯುತ್ತದೆ. ಶಾಕ್‌ಅಬ್ಸಾರ್ಬರಿನ ಬುಡದಲ್ಲಿರುವ ಮೆಟ್ಟಿಲುಗಳ ಬಳೆಯನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿಗೊಳಿಸುವ ಸೌಲಭ್ಯ ಬಹುತೇಕ ಗಾಡಿಗಳಲ್ಲಿ ಇರುವುದು ಇದಕ್ಕಾಗಿಯೇ. ಪಕ್ಕಾ ಪರವಾನಗಿಗೆ ಅರ್ಜಿ ಹಾಕುವ ಮೊದಲು ಕಡ್ಡಾಯವಾಗಿ ಕಾಯಬೇಕಾದ ಮೂವತ್ತು ದಿನಗಳಲ್ಲಿ ಮಾತ್ರವಲ್ಲ, ಕಲಿಕೆಯ ಪರವಾನಗಿ ಇರುವ ಅವಧಿಯುದ್ದಕ್ಕೂ, ಕಲಿಸುವ ಪರವಾನಗಿದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲವೆಂದು ನಿಯಮವೇ ಹೇಳುತ್ತದೆ; ಪರವಾನಗಿ ಬಂದ ಮೇಲೆಯೂ ಮೊದಲ ಬಾರಿಗೆ ಹಿಂದೆ ಕೂರಿಸಬೇಕಾದವರು ಹೆಲ್ಮೆಟ್ ಹಾಕಿದ, ಕಡಿಮೆ ತೂಕದ, ಅಲುಗಾಡದೆ ಕೂರಬಲ್ಲ ಒಬ್ಬರೇ ಆಗಿರಬೇಕು, ದಾರಿ ಹಗಲಿನದಾಗಿರಬೇಕು, ಮತ್ತು ಹೊರಡುವ ಮೊದಲು ಹಿಂಗಾಲಿಯ ಹವಾ ಹೆಚ್ಚಿಸಿರಬೇಕು.